ನಿಮಗಿದು ಗೊತ್ತೆ? ನೀರು ಚಿಮ್ಮಿದರೂ ಎಂಜಿನ್ ಕಾದೀತು!

ದೋಣಿಯ ಹಿಂಬದಿಯ ಔಟ್‌ಬೋರ್ಡ್ ಎಂಜಿನ್ನಿನ ಪಕ್ಕದಿಂದ ಸಣ್ಣ ನೀರಿನ ಧಾರೆ ಚಿಮ್ಮುತ್ತಿರುವಾಗಲೂ ಅದು ಒಳಗೊಳಗೇ ಬೆಂದುಹೋಗಬಹುದು. ಆ ಧಾರೆ ಹೇಳುವುದು ಪಂಪು ನೀರೆತ್ತುತ್ತಿದೆ ಎಂದಷ್ಟೇ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಬಿದ್ದರೆ, ಸಿಲಿಂಡರ್ ಸುತ್ತಲಿನ ದಾರಿಯಲ್ಲಿ ಉಪ್ಪು ಗಟ್ಟಿದರೆ, ಧಾರೆ ಹರಿಯುತ್ತಲೇ ಇರಬಹುದು, ಬಿಸಿ ಮಾತ್ರ ಒಳಗೇ ಉಳಿಯುತ್ತದೆ. ಹಾಗಾಗಿ ಎಂಜಿನ್ ಬಿಸಿಯೇರಿದ ಎಚ್ಚರಿಕೆಯ ಹಾರ್ನ್ ಕೂಗಿದಾಗ ‘ನೀರು ಬರ್ತಿದೆಯಲ್ಲ’ ಎಂದು ಓಡಿಸುತ್ತಲೇ ಇರುವುದು ತಪ್ಪು ಲೆಕ್ಕ. ಹಾರ್ನ್ ಕೂಗಿಸುವ ಸೆನ್ಸರ್ ಸುಳ್ಳು ಹೇಳುವುದಿಲ್ಲವೇ ಎಂದು ಕೇಳಬಹುದು. ಹೇಳುತ್ತದೆ. ತಂತಿಯ ಹೊದಿಕೆ ಸವೆದು ಲೋಹಕ್ಕೆ ತಗುಲಿದರೂ ಹಲವು ಎಂಜಿನ್‌ಗಳಲ್ಲಿ ಹಾರ್ನ್ ಅರಚುತ್ತದೆ. ಆದರೆ ಅಂಥ ಸುಳ್ಳು ಸಾಮಾನ್ಯವಾಗಿ, ಎಣ್ಣೆ ಸರಿಯಿದ್ದೂ, ರಾತ್ರಿಯಿಡೀ ತಣಿದ ಎಂಜಿನ್‌ಗೆ ಕೀ ತಿರುಗಿಸಿದೊಡನೆಯೇ ಶುರುವಾಗುತ್ತದೆ. ಓಡಿ ಬಿಸಿಯಾದ ಮೇಲಷ್ಟೇ ಬಂದ ಕೂಗನ್ನು ನಂಬುವುದೇ ಲೇಸು. (ಕೀ ಹಾಕಿದಾಗಿನ ಒಂದೇ ಚಿಕ್ಕ ಬೀಪ್ ಬೇರೆ. ಅನೇಕ ಮಾದರಿಗಳಲ್ಲಿ ಅದು ಹಾರ್ನ್ ತನ್ನನ್ನೇ ಪರೀಕ್ಷಿಸಿಕೊಳ್ಳುವ ಸದ್ದು. ಅದು ಕೇಳಿಸದಿದ್ದರೇ ಚಿಂತೆ.) ಬಿಸಿಯ ಕೂಗು ಕೇಳಿದರೆ ಮೊದಲು ಎಂಜಿನ್ ನಿಲ್ಲಿಸಿ, ಮೇಲಕ್ಕೆತ್ತಿ, ನೀರು ಹೀರುವ ಜಾಲರಿ ನೋಡಬೇಕು. ಎಷ್ಟೋ ಸಲ ಅಲ್ಲಿ ಅಂಟಿಕೊಂಡಿರುವುದು ಬರೀ ಒಂದು ಪ್ಲಾಸ್ಟಿಕ್ ಚೀಲ.