ಹಿಮದ ಮೇಲೆ ಜಾರುವ ಮಕ್ಕಳು: ಗಾಯಕ್ಕೆ ಕಾರಣಗಳೇನು?

ಆಲ್ಪ್ಸ್ ಪರ್ವತಗಳಿಂದ ಹಿಡಿದು ನಮ್ಮ ದೇಶದ ಗುಲ್‌ಮಾರ್ಗ್, ಔಲಿಗಳವರೆಗೆ ಚಳಿಗಾಲದಲ್ಲಿ ಮಕ್ಕಳು ಹಿಮದ ಇಳಿಜಾರಿನಲ್ಲಿ ಜಾರಿ ನಲಿಯುತ್ತಾರೆ. ಸ್ಕೀ ಆಟದಲ್ಲಿ ಕಾಲಿಗೊಂದರಂತೆ ಎರಡು ಉದ್ದನೆಯ ಪಟ್ಟಿಗಳು, ಕೈಗಳಲ್ಲಿ ಕೋಲುಗಳು. ಸ್ನೋಬೋರ್ಡಿನಲ್ಲಿ ಒಂದೇ ಹಲಗೆ. ಎರಡೂ ಪಾದಗಳನ್ನು ಅದಕ್ಕೇ ಬಿಗಿದಿರುತ್ತಾರೆ, ಕೋಲುಗಳಿಲ್ಲ. ಈ ವ್ಯತ್ಯಾಸದಿಂದ ಗಾಯವಾಗುವ ಜಾಗವೂ ಬದಲಾಗುತ್ತದೆ.

ಪೆಟ್ಟು ಎಲ್ಲಿಗೆ?

ಉದ್ದನೆಯ ಸ್ಕೀ ಒಂದು ಸನ್ನೆಯಂತೆ ವರ್ತಿಸುತ್ತದೆ. ಅದರ ತುದಿ ಹಿಮದಲ್ಲಿ ಸಿಕ್ಕಿಕೊಂಡರೆ ಕಾಲು ತಿರುಚಿ, ಮಂಡಿಯ ಅಸ್ಥಿರಜ್ಜುಗಳು ಹರಿಯಬಹುದು. ಇದನ್ನು ತಪ್ಪಿಸಲೆಂದೇ ಬೂಟನ್ನು ಹಿಡಿದಿಡುವ ಬೈಂಡಿಂಗ್, ಬಲವು ಮಿತಿ ಮೀರಿದಾಗ ಕಳಚಿಕೊಳ್ಳುತ್ತದೆ. ಈ ಮಿತಿಯನ್ನು ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಮತ್ತು ಪರಿಣತಿಗೆ ತಕ್ಕಂತೆ ಹೊಂದಿಸಬೇಕು. ಅಣ್ಣನ ಸ್ಕೀಯನ್ನು ತಮ್ಮನಿಗೆ ಹಾಗೆಯೇ ಕೊಟ್ಟರೆ, ಬಿದ್ದಾಗ ಅದು ಕಳಚದೇ ಇರಬಹುದು.

ಸ್ನೋಬೋರ್ಡಿನ ಬೈಂಡಿಂಗ್ ಸಾಮಾನ್ಯವಾಗಿ ಕಳಚುವುದಿಲ್ಲ. ಆಯ ತಪ್ಪಿದವರು ಕಾಲು ಮುಂದಿಡಲಾರದೆ ಕೈಯೂರುತ್ತಾರೆ. ಹಾಗಾಗಿ ಹೊಸಬರಲ್ಲಿ ಮಣಿಕಟ್ಟಿನ ಮುರಿತ ಹೆಚ್ಚು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಬೆಳವಣಿಗೆಯ ಪದರವಿರುತ್ತದೆ. ಅಲ್ಲಿ ತೀವ್ರ ಪೆಟ್ಟಾದರೆ ಮೂಳೆಯ ಬೆಳವಣಿಗೆಯೇ ಕುಂಠಿತವಾಗುವ ಸಾಧ್ಯತೆಯುಂಟು.

ವೇಗದ ಲೆಕ್ಕ

ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಇದರ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಅಂದರೆ 19.6ರಿಂದ ಭಾಗಿಸಿ. ಉತ್ತರ ಸುಮಾರು 5 ಮೀಟರ್. ಅಷ್ಟು ಎತ್ತರದಿಂದ ನೆಲಕ್ಕೆ ಬಿದ್ದವರ ವೇಗವೂ ಇಷ್ಟೇ. ಜಾರುವ ವೇಗ ಇಮ್ಮಡಿಯಾದರೆ ಈ ಎತ್ತರ ನಾಲ್ಮಡಿಯಾಗುತ್ತದೆ! ಮರಕ್ಕೋ ಇನ್ನೊಬ್ಬರಿಗೋ ಡಿಕ್ಕಿ ಹೊಡೆಯುವುದು ಏಕೆ ಅಪಾಯಕರವೆಂದು ಈಗ ತಿಳಿಯಿತಲ್ಲವೇ?

ಅಪಾಯ ಯಾರಿಗೆ ಹೆಚ್ಚು?

ತರಬೇತಿಯಿಲ್ಲದ ಹೊಸಬರಿಗೆ, ಅಳತೆಗೆ ಹೊಂದದ ಸಲಕರಣೆ ತೊಟ್ಟವರಿಗೆ, ದಣಿದ ಮೇಲೂ ಆಡುವವರಿಗೆ, ಸಾಮರ್ಥ್ಯಕ್ಕೆ ಮೀರಿದ ಇಳಿಜಾರನ್ನು ಆರಿಸಿಕೊಳ್ಳುವವರಿಗೆ. ನುರಿತವರೂ ಹೊರತಲ್ಲ, ಎತ್ತರಕ್ಕೆ ಜಿಗಿಯುವವರ ತಲೆ ಮತ್ತು ಬೆನ್ನುಮೂಳೆಗೆ ಪೆಟ್ಟಾಗಬಹುದು.

ರಕ್ಷಣೆ

ನಾರ್ವೆಯಲ್ಲಿ 5,029 ಸ್ನೋಬೋರ್ಡ್ ಆಟಗಾರರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಮಣಿಕಟ್ಟಿನ ಕವಚ ಧರಿಸಿದ ಗುಂಪಿನಲ್ಲಿ 8 ಮಂದಿಗೆ, ಧರಿಸದ ಗುಂಪಿನಲ್ಲಿ 29 ಮಂದಿಗೆ ಮಣಿಕಟ್ಟಿನ ಗಾಯವಾಗಿತ್ತು. ಹೆಲ್ಮೆಟ್ ತಲೆಗಾಯದ ಅಪಾಯವನ್ನು ಸುಮಾರು 35% ತಗ್ಗಿಸುತ್ತದೆಂದು 2010ರಲ್ಲಿ ಪ್ರಕಟವಾದ ವಿಮರ್ಶೆ ತಿಳಿಸಿತು. ಹಾಗೆಂದು ಹೆಲ್ಮೆಟ್ ಎಲ್ಲ ವೇಗದಲ್ಲೂ ಕಾಪಾಡದು. ವೇಗದ ಮೇಲೆ ಹಿಡಿತ ಬೇಕೇ ಬೇಕು.

ಹಿಮ ಕಾಣದ ನಮ್ಮ ಶಾಲೆಗಳಲ್ಲೂ ಈ ಲೆಕ್ಕ ಉಪಯುಕ್ತ. ಸೈಕಲ್ ಮತ್ತು ಸ್ಕೂಟರಿನ ವೇಗಗಳಿಗೆ ಸಮನಾದ ಎತ್ತರವನ್ನು ನಿಮ್ಮ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ ನೋಡಿ.