ತೆಂಗಿನ ಸೀಮೆಯ ಪಂಚಾಯಿತಿ ಚುನಾವಣೆ: ಭರವಸೆ ಮತ್ತು ಅಧಿಕಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಯಾವ ಚುನಾವಣೆ ಬಂದರೂ ಕೊಬ್ಬರಿಯ ಬೆಲೆಯ ಮಾತು ಏಳುವುದು ಸಹಜ. ಗ್ರಾಮ ಪಂಚಾಯಿತಿಯ ಅಭ್ಯರ್ಥಿಯೂ ಆ ಕುರಿತು ಭರವಸೆ ಕೊಡಬಹುದು. ಆದರೆ ಬೆಲೆಯು ಪಂಚಾಯಿತಿಯ ಅಧೀನವಲ್ಲವೆಂಬುದನ್ನು ನಾವು ಗಮನಿಸಬೇಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿದುದು ಕೇಂದ್ರ ಸರ್ಕಾರ. ಪೇಟೆಯ ಧಾರಣೆ ತಿಪಟೂರು ಮಾರುಕಟ್ಟೆಯ ವಹಿವಾಟಿಗೆ ಸೇರಿದುದು.

ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯಿತಿಗೆ ಒಪ್ಪಿಸಿರುವುದು ಕುಡಿಯುವ ನೀರು, ಚರಂಡಿ, ಬೀದಿ ದೀಪ, ನೈರ್ಮಲ್ಯ ಮೊದಲಾದ ಕಾರ್ಯಗಳನ್ನು. ಈ ಚುನಾವಣೆಯಲ್ಲಿ ಪಕ್ಷಗಳ ಚಿಹ್ನೆಗೆ ಎಡೆಯಿಲ್ಲ. ಆದುದರಿಂದ ಮತದಾರರು ತೂಗಿ ನೋಡಬೇಕಾದುದು ಅಭ್ಯರ್ಥಿಯ ಸ್ವಂತ ನಿಲುವನ್ನೇ.

ನಿಜವಾದ ಪರೀಕ್ಷೆ ಇರುವುದು ನೀರಿನಲ್ಲಿ. ತೋಟದ ಕೊಳವೆಬಾವಿಯೂ ಊರಿನ ಕುಡಿಯುವ ನೀರಿನ ಕೊಳವೆಬಾವಿಯೂ ಎತ್ತುವುದು ಒಂದೇ ಅಂತರ್ಜಲವನ್ನು. ಬೇಸಿಗೆಯಲ್ಲಿ ಯಾವುದಕ್ಕೆ ಅಗ್ರಸ್ಥಾನವೆಂಬ ಪ್ರಶ್ನೆಗೆ, ತೋಟಗಾರರ ಮತವನ್ನೇ ಬೇಡುವ ಅಭ್ಯರ್ಥಿ ನೇರವಾಗಿ ಉತ್ತರಿಸುವುದು ಸುಲಭವಲ್ಲ. ಬೆಲೆಯ ಭರವಸೆ ಹಗುರ, ನಡೆಸುವ ಹೊಣೆ ಅನ್ಯರದು. ನೀರಿನ ಮಾತು ಭಾರ, ಹೊಣೆ ತನ್ನದೇ. ಈ ಎರಡನೆಯ ಮಾತನ್ನು ಅಭ್ಯರ್ಥಿಯ ಬಾಯಿಂದ ಕೇಳಿ ಪಡೆಯುವುದೇ ಮತದಾರರ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.