ಮನೆಯಲ್ಲೇ ಕಟ್ಟುವ ವಿಮಾನದ ಬಾಲ: ಹತ್ತು ಗ್ರಾಂ ಪುಟ್ಟಿಯ ಲೆಕ್ಕ

ಸ್ವಂತ ಕೈಯಿಂದ ಸಣ್ಣ ವಿಮಾನ ಕಟ್ಟೋದು ಅಂದ್ರೆ ಮೊದಲು ಕಣ್ಣು ಹೋಗೋದು ಎಂಜಿನ್ ಕಡೆ, ಆಮೇಲೆ ರೆಕ್ಕೆ ಕಡೆ. ಇವತ್ತು ನಾವು ಬಾಲದ ಬಗ್ಗೆ ಮಾತಾಡೋಣ. ಬಾಲಕ್ಕೆ ಆಕಾರ ಕೊಡೋದು ಹೇಗೆ, ಅದರಲ್ಲಿ ಹತ್ತು ಗ್ರಾಂ ಹೆಚ್ಚಾದ್ರೂ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನೋದೇ ವಿಷಯ.

ಇದೇನು ನಮ್ಮ ದೇಶದಲ್ಲಿ ಆಗದ ಕೆಲಸ ಅಲ್ಲ. ಪೈಲಟ್ ಅಮೋಲ್ ಯಾದವ್ ಮುಂಬೈನ ಕಾಂದಿವಲಿಯಲ್ಲಿ ತಮ್ಮ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರಲ್ಲಿ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ಅದನ್ನು ನೋಡಿದರು, 2017ರಲ್ಲಿ ಡಿಜಿಸಿಎ ನೋಂದಣಿ ಸಿಕ್ಕಿತು, 2020ರಲ್ಲಿ ಧುಳೆಯಲ್ಲಿ ಪರೀಕ್ಷಾ ಹಾರಾಟ ನಡೆಯಿತು. ಧುಳೆ ಅಂದ್ರೆ ನಾಸಿಕ್, ಛತ್ರಪತಿ ಸಂಭಾಜಿನಗರ ಎರಡರಿಂದಲೂ ನೂರೈವತ್ತು ಕಿಲೋಮೀಟರ್ ಆಸುಪಾಸು. ಆ ಕಡೆ ಇರುವ ನಮ್ಮ ಕನ್ನಡದ ಗೆಳೆಯರಿಗೆ ಇದು ನೆರೆಮನೆಯ ಸುದ್ದಿ.

ಬಾಲ ಮಾಡೋ ಕೆಲಸ ಏನು? ಮಲಗಿರುವ ಭಾಗ ಮೂಗು ಏಳದಂತೆ, ಬೀಳದಂತೆ ನೋಡಿಕೊಳ್ಳುತ್ತೆ. ನಿಂತಿರುವ ಭಾಗ, ಅಂದ್ರೆ ಫಿನ್, ಮೂಗು ಎಡಬಲಕ್ಕೆ ತಿರುಗದಂತೆ ತಡೆಯುತ್ತೆ. ಇಲ್ಲಿ ಬಾಲದ ವಿಸ್ತೀರ್ಣ ಒಂದೇ ಮುಖ್ಯ ಅಲ್ಲ, ಅದು ಎಷ್ಟು ಹಿಂದೆ ಇದೆ ಅನ್ನೋದೂ ಅಷ್ಟೇ ಮುಖ್ಯ. ರೆಕ್ಕೆ 10 ಚದರ ಮೀಟರ್, ಅದರ ಅಗಲ 1.25 ಮೀಟರ್, ಬಾಲ 3.5 ಮೀಟರ್ ಹಿಂದೆ ಅಂದುಕೊಳ್ಳಿ. ಸಣ್ಣ ವಿಮಾನಗಳಿಗೆ ವಾಡಿಕೆಯಾದ 0.5 ಅನುಪಾತ ಹಿಡಿದರೆ ಮಲಗಿರುವ ಬಾಲ ಸುಮಾರು 1.8 ಚದರ ಮೀಟರ್ ಬೇಕು. "ನೋಡೋಕೆ ದೊಡ್ಡದಾಯ್ತು" ಅಂತ ನಕ್ಷೆಯಲ್ಲಿರೋದನ್ನ ಕಡಿಮೆ ಮಾಡಬೇಡಿ.

ದೊಡ್ಡ ಸಂಸ್ಥೆಗಳಿಗೂ ಬಾಲ ಪಾಠ ಕಲಿಸಿದೆ. ನಾಸಿಕ್ ಪಕ್ಕದ ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆ ಇದೆಯಲ್ಲ, ಮಿಗ್, ಸುಖೋಯ್ ತಯಾರಾದ ಜಾಗ. ಅದೇ ಎಚ್‌ಎಎಲ್ ಬೆಂಗಳೂರಿನಲ್ಲಿ ರೂಪಿಸಿದ ತರಬೇತಿ ಜೆಟ್ ಎಚ್‌ಜೆಟಿ-36 ಮೊದಲು ಹಾರಿದ್ದು 2003ರಲ್ಲಿ. ಆದರೆ ಸ್ಪಿನ್, ಅಂದ್ರೆ ಗಿರಕಿ ಹೊಡೆಯುತ್ತಾ ಬೀಳುವ ಸ್ಥಿತಿ, ಅದಕ್ಕೆ ವರ್ಷಗಟ್ಟಲೆ ತೊಡಕಾಯಿತು. ಕೊನೆಗೆ ಫಿನ್ ಅನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ರಡ್ಡರ್ ದೊಡ್ಡದು ಮಾಡಿದರು. 2022ರ ಜನವರಿಯಲ್ಲಿ, ಎರಡೂ ಕಡೆಗೆ ಆರು ಸುತ್ತಿನ ಸ್ಪಿನ್ ಪರೀಕ್ಷೆ ಗೆದ್ದ ಸುದ್ದಿ ಬಂತು.

ಈಗ ಕೈಕೆಲಸಕ್ಕೆ ಬರೋಣ. ಫೈಬರ್ ಗ್ಲಾಸ್ ವಿಮಾನದಲ್ಲಿ ಒಳಗಿನ ತಿರುಳು ಥರ್ಮಾಕೋಲ್ ಜಾತಿಯ ಫೋಮ್. ಅದನ್ನು ಕಾದ ತಂತಿಯಿಂದ ಕತ್ತರಿಸ್ತಾರೆ. ಎರಡೂ ತುದಿಗೆ ಪ್ಲೈವುಡ್ ಅಚ್ಚು ಹೊಡೆದು, ಅದರ ಮೇಲೆ ಅಷ್ಟೇ ಸಂಖ್ಯೆಯ ಗುರುತು ಹಾಕ್ತಾರೆ. ಒಬ್ಬರು ಆ ತುದಿ, ಒಬ್ಬರು ಈ ತುದಿ. ಒಬ್ಬರು "ಒಂದು, ಎರಡು, ಮೂರು" ಅಂತ ಕೂಗ್ತಾ ಹೋದಂತೆ ಇಬ್ಬರ ತಂತಿಯೂ ಅದೇ ಗುರುತಿಗೆ ಒಟ್ಟಿಗೆ ತಲುಪಬೇಕು. ಬುಡ ಅಗಲ, ತುದಿ ಕಿರಿದು ಇರೋದರಿಂದ ಇಬ್ಬರ ಕೈವೇಗ ಬೇರೆ ಬೇರೆ. ಒಂದು ಎಚ್ಚರಿಕೆ: ಪಾಲಿಯುರೆಥೇನ್ ಫೋಮ್‌ಗೆ ಕಾದ ತಂತಿ ಹಾಕಲೇಬೇಡಿ, ಬರೋ ಹೊಗೆ ವಿಷ. ಅದನ್ನು ಚಾಕು, ಸ್ಯಾಂಡ್ ಪೇಪರ್‌ನಲ್ಲೇ ತಿದ್ದಬೇಕು.

ಬಾಲದ ಅಡ್ಡಸೀಳು ಸಾಮಾನ್ಯವಾಗಿ ಮೇಲೆ ಕೆಳಗೆ ಒಂದೇ ಸಮ. ನಾಕಾ 0009 ಅಂದ್ರೆ ದಪ್ಪ ಅಗಲದ ಶೇ. 9. 600 ಮಿ.ಮೀ. ಅಗಲಕ್ಕೆ 54 ಮಿ.ಮೀ. ದಪ್ಪ, ಅದೂ ಮುಂದಂಚಿನಿಂದ 180 ಮಿ.ಮೀ. ಹತ್ತಿರ. ಎಲಿವೇಟರ್‌ನ ಹಿಂದಂಚಿನ ಹತ್ತಿರ ನಕ್ಷೆಯಲ್ಲಿಲ್ಲದ ಹುಬ್ಬು ಇರಬಾರದು. ಹುಬ್ಬಿದರೆ ಕೋಲಿನ ಮೇಲಿನ ಬಿಗಿ ಹೋಗಿ ಕೈಗೆ ಹಿಡಿತವೇ ಸಿಗಲ್ಲ. ಎಪಾಕ್ಸಿ ಒಣಗುವಾಗ ಪಕ್ಕಾ ಮಟ್ಟದ ಮೇಜಿನ ಮೇಲೆ ತೂಕ ಇಟ್ಟು ಬಿಡಿ, ಮಾರನೇ ದಿನ ಎರಡೂ ತುದಿಗೆ ರಸಮಟ್ಟ ಇಟ್ಟು ನೋಡಿ. ತಿರುಚಿದ ಬಾಲವನ್ನು ಪುಟ್ಟಿ ಮೆತ್ತಿ ನೇರ ಮಾಡೋಕೆ ಹೋಗಬೇಡಿ.

ಯಾಕೆ ಅಂದ್ರೆ ಫ್ಲಟರ್. ಎಲಿವೇಟರ್ ಬಾಗಿಲಿನ ತರಹ ಹಿಂಜ್ ಮೇಲೆ ಆಡುತ್ತೆ. ಅದರ ಭಾರ ಹಿಂಜ್‌ನಿಂದ ಹಿಂದೆ ಇದ್ದರೆ, ಗಾಳಿ ಬಾಲವನ್ನು ಮೇಲೆ ತಳ್ಳಿದಾಗ ಎಲಿವೇಟರ್ ಕೆಳಗೇ ಉಳಿಯುತ್ತೆ. ಹಾಗೆ ಉಳಿದ ಎಲಿವೇಟರ್ ಬಾಲವನ್ನು ಮತ್ತೂ ಮೇಲಕ್ಕೆ ತಳ್ಳುತ್ತೆ. ವಾಪಸ್ ಬರುವಾಗ ಉಲ್ಟಾ. ವೇಗ ಒಂದು ಮಿತಿ ದಾಟಿದರೆ ಈ ನಡುಕ ಕೆಲವೇ ಸೆಕೆಂಡಲ್ಲಿ ಬಾಲವನ್ನೇ ಕಿತ್ತು ಹಾಕಬಹುದು. ಅದಕ್ಕೇ ಹಿಂಜ್‌ನ ಮುಂದೆ ಸೀಸ ಕಟ್ಟೋದು.

ತಕ್ಕಡಿ ಲೆಕ್ಕ ಹಾಕಿ. ಹಿಂದಂಚು ಹಿಂಜ್‌ನಿಂದ 30 ಸೆಂ.ಮೀ., ಸೀಸ 6 ಸೆಂ.ಮೀ. ಮುಂದೆ. ಹಿಂದಂಚಿಗೆ 10 ಗ್ರಾಂ ಪುಟ್ಟಿ ಮೆತ್ತಿದರೆ 50 ಗ್ರಾಂ ಸೀಸ ಬೇಕು. ಅಷ್ಟಕ್ಕೇ ಮುಗಿಯಲ್ಲ. 600 ಕಿಲೋ ವಿಮಾನದಲ್ಲಿ 3.6 ಮೀಟರ್ ಹಿಂದೆ ಒಂದು ಕಿಲೋ ಸೇರಿಸಿದರೆ ಗುರುತ್ವ ಕೇಂದ್ರ 6 ಮಿ.ಮೀ. ಹಿಂದೆ ಸರಿಯುತ್ತೆ. ಅದನ್ನು ಸರಿದೂಗಿಸೋಕೆ 1.2 ಮೀಟರ್ ಮುಂದೆ, ಮೂಗಿನಲ್ಲಿ, ಮೂರು ಕಿಲೋ ಇಡಬೇಕು.

ಬಣ್ಣಕ್ಕೂ ಇದೇ ಮಾತು. ಬಣ್ಣವೂ ಭಾರವೇ, ಆದ್ದರಿಂದ ಸೀಸದ ತೂಕ ನೋಡೋದು ಬಣ್ಣ ಹೊಡೆದ ಮೇಲೆ. ಮುಂದೆ ಯಾವತ್ತಾದ್ರೂ ಮತ್ತೆ ಬಣ್ಣ ಹೊಡೆದರೆ ಮತ್ತೆ ನೋಡಬೇಕು. ಸಂಭಾಜಿನಗರದ ಮೇ ತಿಂಗಳ ಬಿಸಿಲಿಗೆ ಗಾಢ ಬಣ್ಣ ಬೇಡ. ಬಿಸಿಯಾದರೆ ಎಪಾಕ್ಸಿ ಮೆತ್ತಗಾಗುತ್ತೆ. ಇಂಥ ವಿಮಾನಗಳು ಹೆಚ್ಚಾಗಿ ಬಿಳಿ ಇರೋದು ಇದಕ್ಕೇ. ಜೊತೆಗೆ ಆ ಊರುಗಳು ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು ಎತ್ತರ. 40 ಡಿಗ್ರಿ ಬಿಸಿಲಲ್ಲಿ ಅಲ್ಲಿನ ಗಾಳಿ ತೆಳು. ವೇಗದ ಮೀಟರ್ 200 ತೋರಿಸುವಾಗ ನಿಜವಾದ ವೇಗ 216ರ ಹತ್ತಿರ ಇರುತ್ತೆ. ಫ್ಲಟರ್ ನೋಡೋದು ಆ ನಿಜವಾದ ವೇಗವನ್ನೇ.

ಒಟ್ಟಿನಲ್ಲಿ, ಆಕಾರವನ್ನು ಫೋಮ್‌ನಲ್ಲೇ ಸರಿಯಾಗಿ ತೆಗೆಯಿರಿ. ಫೋಮ್ ತುಂಡು ಕೆಟ್ಟರೆ ಎಸೆದು ಇನ್ನೊಂದು ಕತ್ತರಿಸಿ, ಹೋಗೋದು ಒಂದು ಮಧ್ಯಾಹ್ನ ಅಷ್ಟೇ. ನಕ್ಷೆ ಕೊಟ್ಟವರು ಹೇಳಿದ ಬ್ಯಾಲೆನ್ಸ್ ಮಿತಿಯನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ, ತಪಾಸಣೆಗೆ ಇನ್ನೊಬ್ಬ ತಿಳಿದವರ ಕಣ್ಣು ಬೇಕೇ ಬೇಕು.